ಹತ್ತನೆಯ ಕೆಮ್ಮು

ಆ ಹಾಡಿನಲ್ಲಿ ಕೆಮ್ಮು ಇಲ್ಲ. ಐದನೆಯ ಹಾಡು, ಎರಡನೆಯ ಚರಣ, ಮೂರನೆಯ ಸಾಲು. ಅಲ್ಲಿ ಒಂದು ಉಸಿರು ಇದೆ, ಆಮೇಲೆ ಗಿಟಾರಿನ ಒಂದು ಸಣ್ಣ ತುಣುಕು ಇದೆ, ಅಷ್ಟೇ. ಹತ್ತು ವರ್ಷದಿಂದ ಹೆಡ್‌ಫೋನ್ ಹಾಕಿಕೊಂಡು ಅದೇ ಹಾಡನ್ನು ಕೇಳುತ್ತಿರುವವಳು ನಾನು, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಆಗಸ್ಟ್ ತಿಂಗಳ ಆ ಭಾನುವಾರ ಮಧ್ಯಾಹ್ನ ಇವರು ಅಲ್ಲಿ ಕೆಮ್ಮಿದರು. ಸಣ್ಣ ಕೆಮ್ಮು. ಸಭಾಂಗಣದಲ್ಲಿದ್ದ ಆರುನೂರು ಜನರಲ್ಲಿ ಒಬ್ಬರೂ ಅದನ್ನು ಗಮನಿಸಲಿಲ್ಲ. ನನ್ನ ಕೈಯಲ್ಲಿದ್ದ ಪೆನ್ಸಿಲ್ ಮಾತ್ರ ಅಲ್ಲೇ ನಿಂತಿತು.

ಇವರು ಅಂದರೆ ನನ್ನ ಗಂಡ. ಹಾಡುಗಾರರು. ಹಾಗಂತ ನಾನು ಹೇಳುತ್ತೇನೆ, ಪೋಸ್ಟರು ಹೇಳುವುದಿಲ್ಲ. ಪೋಸ್ಟರಿನಲ್ಲಿ, ನಾವೆಲ್ಲ ದೊಡ್ಡವರು ಎಂದೇ ಕರೆಯುವ ಗಾಯಕರ ಹೆಸರು ಮಾರುದ್ದ ಇರುತ್ತದೆ, ಅದರ ಕೆಳಗೆ ‘ಮತ್ತೊಮ್ಮೆ ನಿಮ್ಮ ಮುಂದೆ’ ಎಂದಿರುತ್ತದೆ. ಕನ್ನಡಕ ಹಾಕಿಕೊಂಡು ಹುಡುಕಿದರೆ ಮೂಲೆಯಲ್ಲೆಲ್ಲೋ ಇವರ ಹೆಸರೂ ಸಿಗುತ್ತದೆ. ದೊಡ್ಡವರು ತೀರಿಹೋಗಿ ಇಪ್ಪತ್ತಮೂರು ವರ್ಷವಾಯಿತು. ಅವರ ಹಾಡುಗಳನ್ನು ಅವರ ಹಾಗೇ ಹಾಡುವ, ಅವರ ಹಾಗೇ ಕೋಟು ತೊಟ್ಟು, ಅವರ ಹಾಗೇ ಎಡಗೈಯಲ್ಲಿ ಮೈಕು ಹಿಡಿಯುವ ತಂಡ ನಮ್ಮದು. ಟ್ರಿಬ್ಯೂಟ್ ಬ್ಯಾಂಡ್ ಅನ್ನುತ್ತಾರೆ. ನಾನು ಸಭಾಂಗಣದ ಹಿಂದಿನ ಸಾಲಿನಲ್ಲಿ ಸೌಂಡ್ ಬೋರ್ಡಿನ ಮುಂದೆ ಕೂರುವವಳು. ತಂಡದವರಿಗೆಲ್ಲ ಅತ್ತಿಗೆ.

ಶುರುವಿನಲ್ಲಿ ಇವರಿಗೆ ತಮ್ಮದೇ ಹಾಡುಗಳಿದ್ದವು. ಹನ್ನೊಂದು. ಕೇಳಲು ಬರುತ್ತಿದ್ದದ್ದು ಕುರ್ಚಿಗಳು, ಜೊತೆಗೆ ಆ ಕುರ್ಚಿಗಳನ್ನು ಹಾಕಿದವನು. ಒಮ್ಮೆ ಯಾವುದೋ ಆಫೀಸಿನ ನಿವೃತ್ತಿ ಸಮಾರಂಭದಲ್ಲಿ ಯಾರೋ ದೊಡ್ಡವರ ಹಾಡು ಹಾಡಿ ಎಂದರು. ಇವರು ಹಾಡಿದರು. ನಿವೃತ್ತರಾಗಬೇಕಿದ್ದ ಹೆಂಗಸು ಎದ್ದು ಬಂದು ಇವರ ಕೈ ಹಿಡಿದುಕೊಂಡು ಅತ್ತರು. ಅವತ್ತಿನಿಂದ ಆ ಹನ್ನೊಂದು ಹಾಡುಗಳು ಟ್ರಂಕಿನಲ್ಲಿವೆ. ಅತ್ತೆ ಬದುಕಿದ್ದಾಗ ಇವರು ಕೋಟು ತೊಡುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಹುಲೀನ ನೋಡಿ ನರಿ ಬರೆ ಹಾಕ್ಕೊಂಡಂತೆ,” ಎನ್ನುತ್ತಿದ್ದರು. “ಪಟ್ಟೆ ಏನೋ ಬರುತ್ತೆ ಕಣೋ. ಉರಿಯೋದು ಯಾರಿಗೆ?” ನಾವಿಬ್ಬರೂ ನಗುತ್ತಿದ್ದೆವು. ಆಗ ನಗುವುದು ಸುಲಭವಿತ್ತು.

ಮೊದಲ ಹನ್ನೊಂದು ವರ್ಷ ಹೋಟೆಲುಗಳು, ಕ್ಲಬ್ಬುಗಳು, ಕಂಪನಿಗಳ ವಾರ್ಷಿಕೋತ್ಸವ, ಎರಡು ಸಲ ಹಡಗು. ಜನ ತಿನ್ನುತ್ತಾ, ಮಾತಾಡುತ್ತಾ ಕೇಳುತ್ತಿದ್ದರು. ಆಮೇಲೆ ನನಗೊಂದು ಉಪಾಯ ಹೊಳೆಯಿತು. ಮಾಡಿದ್ದುಣ್ಣೋ ಮಹರಾಯ ಎಂದು ಗಾದೆ ಮಾಡಿದವರು ಮಹರಾಯ್ತಿಯರನ್ನು ಯಾಕೆ ಬಿಟ್ಟರೋ ಗೊತ್ತಿಲ್ಲ.

ದೊಡ್ಡವರ ಕೊನೆಯ ಕಾರ್ಯಕ್ರಮದ ವಿಡಿಯೋ ರೆಕಾರ್ಡಿಂಗ್ ಒಂದಿದೆ. ಒಂದು ಗಂಟೆ ಐವತ್ತೆರಡು ನಿಮಿಷ, ಹದಿನಾಲ್ಕು ಹಾಡು. ಆಗಲೇ ಅವರ ಗಂಟಲಿನಲ್ಲಿ ಕಾಯಿಲೆ ಬೇರು ಬಿಟ್ಟಿತ್ತು. ಅವರಿಗೂ ಗೊತ್ತಿರಲಿಲ್ಲ, ಕೇಳುತ್ತಿದ್ದವರಿಗೂ ಗೊತ್ತಿರಲಿಲ್ಲ. ನಾಲ್ಕು ತಿಂಗಳಿಗೆ ಹೋಗಿಬಿಟ್ಟರು. ಅವರ ಸ್ವರ ಒಡೆದಿರುವ, ಒಂಬತ್ತು ಸಲ ಕೆಮ್ಮಿರುವ ಆ ರೆಕಾರ್ಡಿಂಗೇ ಅಭಿಮಾನಿಗಳಿಗೆ ಎಲ್ಲಕ್ಕಿಂತ ಪ್ರಾಣ. ಅದನ್ನು ಇದ್ದ ಹಾಗೇ, ಕೆಮ್ಮು ಸಮೇತ, ಮರೆತ ಸಾಲು ಸಮೇತ, ಪೂರ್ತಿ ವೇದಿಕೆ ಮೇಲೆ ತಂದರೆ ಹೇಗೆ ಎಂದೆ ನಾನು. ಇವರು “ಕೆಮ್ಮೂನಾ?” ಎಂದು ಕೇಳಿದರು. “ಕೆಮ್ಮೇ ಮುಖ್ಯ ರೀ,” ಎಂದೆ.

ಹೀಗೆ ಶುರುವಾಯಿತು. ಸದ್ದು ಹೊರಗೆ ಹೋಗದಂತೆ ಮುಂದಿನ ಕೋಣೆಯ ಕಿಟಕಿಗೆ ರಜಾಯಿ ಕಟ್ಟಿ ಇವರಿಗೆ ಕೆಮ್ಮುವುದನ್ನು ಕಲಿಸಿದವಳು ನಾನೇ. “ಇದು ಮೂಗಿನ ಕೆಮ್ಮು. ಅವರದ್ದು ಎದೆಯಿಂದ ಬರುತ್ತೆ. ಇನ್ನೂ ಕೆಳಗಿಂದ ತನ್ನಿ.” ಇವರು ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿ, “ಕೆಮ್ಮೋದಕ್ಕೂ ಅಭ್ಯಾಸ ಮಾಡಿಸೋ ಹೆಂಡ್ತಿ ಇನ್ಯಾವನಿಗೆ ಸಿಕ್ಕಾಳು,” ಎಂದು ನಗುತ್ತಿದ್ದರು. ನಾನು ಒಂದು ದಪ್ಪ ಪುಸ್ತಕ ಮಾಡಿದೆ. ಒಂದೊಂದು ಕಾರ್ಯಕ್ರಮಕ್ಕೂ ಒಂದೊಂದು ಪುಟ. ಪುಟದ ಮೇಲೆ ತಾರೀಖು, ಕೆಳಗೆ ಹದಿನಾಲ್ಕು ಹಾಡಿನ ಸಾಲುಗಳು, ಉಸಿರಿಗೆ ನೀಲಿ ಪೆನ್ಸಿಲ್ ಗುರುತು, ಕೆಮ್ಮಿಗೆ ಕೆಂಪು. ಇವರು ಹಾಡುವಾಗ ನಾನು ಒಂದೊಂದಕ್ಕೂ ಟಿಕ್ ಹಾಕುತ್ತಾ ಹೋಗುತ್ತಿದ್ದೆ. ಎಲ್ಲ ಸರಿಯಾಗಿದ್ದರೆ ಅಡಿಯಲ್ಲಿ ನಕ್ಷತ್ರ ಬರೆದು ‘ಒಂಬತ್ತಕ್ಕೆ ಒಂಬತ್ತು, ಭೇಷ್’ ಎಂದು ಹಾಕುತ್ತಿದ್ದೆ. ಮನೆಗೆ ಬಂದ ಮೇಲೆ ಇವರು ಮೊದಲು ನೋಡುತ್ತಿದ್ದದ್ದು ಆ ನಕ್ಷತ್ರವನ್ನು.

ಆರನೆಯ ಕೆಮ್ಮು ಏಳನೆಯ ಹಾಡಿನಲ್ಲಿದೆ. ಅದು ಉದ್ದದ್ದು. ದೊಡ್ಡವರು ಬಲಕ್ಕೆ ತಿರುಗಿ, ಅಂಗೈ ಹಿಂಭಾಗವನ್ನು ಬಾಯಿಗೆ ಒತ್ತಿಕೊಂಡು, ಹನ್ನೆರಡು ಸೆಕೆಂಡು ಕೆಮ್ಮಿ, ನೀರು ಕುಡಿದು, “ಕ್ಷಮಿಸಿ, ಇನ್ನೊಂದ್ಸಲ ಹಿಡಿಯೋಣ,” ಅನ್ನುತ್ತಾರೆ. ಇವರು ಅದನ್ನು ಮಾಡಿದಾಗ ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿತ್ತು. ಹತ್ತು ವರ್ಷ ನಮ್ಮ ಮನೆ ನಡೆದದ್ದು ಆ ಹನ್ನೆರಡು ಸೆಕೆಂಡಿನ ಮೇಲೆ.

ಈಗ ಹತ್ತನೆಯ ಕೆಮ್ಮಿಗೆ ಎರಡು ತಿಂಗಳು ಮುಂಚಿನ ಮಾತು ಹೇಳಬೇಕು. ಜೂನ್ ಇಪ್ಪತ್ತು. ನನ್ನಂಥ ಕೆಲಸದವರು ವರ್ಷಕ್ಕೊಮ್ಮೆ ಕಿವಿ ತೋರಿಸಿಕೊಳ್ಳಬೇಕು, ಅದಕ್ಕೆ ಹೊರಟಿದ್ದೆ. ಇವರಿಗೆ ಆಸ್ಪತ್ರೆ ಅಂದರೆ ಆಗದು. ನನ್ನನ್ನು ಗೇಟಿನಲ್ಲಿ ಇಳಿಸಿ ಕಾರಿನಲ್ಲಿ ಪೇಪರ್ ಓದುತ್ತಾ ಕೂರುವವರು. ಅವತ್ತು ತಾವೇ ಶರ್ಟು ಇಸ್ತ್ರಿ ಮಾಡಿಕೊಂಡು, “ನಾನೂ ಒಳಗೆ ಬರ್ತೀನಿ,” ಎಂದರು. “ಏನ್ರೀ, ಡಾಕ್ಟರಮ್ಮನ್ನ ನೋಡೋಕೆ ಇಸ್ತ್ರಿ ಶರ್ಟಾ?” ಎಂದು ಛೇಡಿಸಿದೆ. ಇಷ್ಟು ವರ್ಷದ ಮೇಲೆ ಹೆಂಡತಿ ಮೇಲೆ ಪ್ರೀತಿ ಉಕ್ಕಿತು ಎಂದುಕೊಂಡು ಒಳಗೊಳಗೇ ಹಿಗ್ಗಿದೆ ಕೂಡ.

ಕಿವಿ, ಮೂಗು, ಗಂಟಲು ಮೂರನ್ನೂ ನೋಡುವ ಡಾಕ್ಟರಮ್ಮ. ನನ್ನ ಕಿವಿ ಪರೀಕ್ಷೆ ಮುಗಿಸಿ, ಬದಿಯಲ್ಲಿ ಕೂತಿದ್ದ ಇವರ ಕಡೆ ತಿರುಗಿದರು. ಇವರು ಅಲ್ಲಿಯವರೆಗೆ ನಮಸ್ಕಾರ ಎಂದದ್ದು ಬಿಟ್ಟರೆ ಬೇರೇನೂ ಮಾತಾಡಿರಲಿಲ್ಲ. “ನಿಮ್ಮ ಗಂಟಲು ಯಾವಾಗಿಂದ ಹೀಗಿದೆ?” ಎಂದು ಕೇಳಿದರು.

ಇವರು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಬಾಯಿ ತೆರೆದರು. ನನಗೆ ತಡೆಯಬೇಕಲ್ಲ. ಹುಟ್ಟಿದಾಗಿನಿಂದ ನನ್ನ ನಾಲಿಗೆಗೆ ಲಗಾಮಿಲ್ಲ. “ಅದು ಅವರ ಕೆಲಸ ಡಾಕ್ಟ್ರೇ! ಆ ಗಂಟಲಿಂದಲೇ ನಮ್ಮ ಒಲೆ ಉರೀತಿರೋದು. ಎಷ್ಟೋ ವರ್ಷದಿಂದ ಹೀಗೇ,” ಎಂದು ದೊಡ್ಡವರ ಕಥೆ, ರಜಾಯಿ ಕಟ್ಟಿ ಕೆಮ್ಮು ಕಲಿಸಿದ ಕಥೆ, ಎಲ್ಲ ಹೇಳಿದೆ. ಡಾಕ್ಟರಮ್ಮ ನಕ್ಕರು. “ಆದರೂ ಬಿಡುವಾದಾಗ ಒಂದ್ಸಲ ಬನ್ನಿ, ಕ್ಯಾಮೆರಾ ಹಾಕಿ ನೋಡೋಣ,” ಎಂದರು. “ಓಹೋ, ಅದಕ್ಕೇನಂತೆ,” ಎಂದೆ. ಅದೂ ನಾನೇ. ಕಾರಿನಲ್ಲಿ ಇವರು ಮನೆ ತಲುಪುವವರೆಗೂ ಮಾತಾಡಲಿಲ್ಲ. ಹಸಿವಾಗಿರಬೇಕು ಎಂದುಕೊಂಡೆ.

ಎರಡು ತಿಂಗಳ ಮೇಲೆ ಐದನೆಯ ಹಾಡಿನಲ್ಲಿ ಆ ಕೆಮ್ಮು ಬಂತು. ಡಾಕ್ಟರಮ್ಮನ ಪ್ರಶ್ನೆ ನೆನಪಾಯಿತು. ಪುಸ್ತಕದಲ್ಲಿ ಅದಕ್ಕೆ ಬಣ್ಣವಿರಲಿಲ್ಲ. ಪರ್ಸಿನಲ್ಲಿ ಹುಡುಕಿದರೆ ಕಪ್ಪು ಪೆನ್ನು ಸಿಕ್ಕಿತು. ಸಣ್ಣದೊಂದು ಚುಕ್ಕೆ ಇಟ್ಟೆ. ಅವತ್ತಿನಿಂದ ಪುಸ್ತಕವನ್ನು ಇವರ ಕೈಗೆ ಕೊಡುವುದು ನಿಲ್ಲಿಸಿದೆ. “ನಕ್ಷತ್ರ ಬಂತಾ?” ಎಂದು ಇವರೂ ಕೇಳುವುದು ನಿಲ್ಲಿಸಿದರು. ಅದೇಕೆ ಎಂದು ನನಗೆ ಅನುಮಾನ ಬರಬೇಕಿತ್ತು. ಭಯದಲ್ಲಿರುವವಳಿಗೆ ತನ್ನ ಭಯ ಬಿಟ್ಟು ಬೇರೇನೂ ಕಾಣುವುದಿಲ್ಲ.

ನನಗೆ ಭಯವಾಗಿತ್ತು. ಸುತ್ತಿ ಬಳಸಿ ಹೇಳುವುದೇನಿದೆ. ಇವರು ಸಾಯುತ್ತಾರೆ ಎಂಬ ಭಯ, ಅದಕ್ಕೆ ನಾನೇ ಕಾರಣ ಎಂಬ ಭಯ. ಬಾಯಿಬಿಟ್ಟು ಕೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಕೇಳಲಿಲ್ಲ. ದಿನ ಕಳೆದಷ್ಟೂ ಇನ್ನೊಂದು ಭಯ ಸೇರಿಕೊಂಡಿತು. ಇಷ್ಟು ದಿನ ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಇವರು ಕೇಳಿದರೆ ಏನು ಹೇಳಲಿ? ಹೀಗೆ ನಿನ್ನೆಯ ಮೌನ ಇವತ್ತಿನ ಬಾಯಿಗೆ ಬೀಗ ಹಾಕುತ್ತಾ ಹೋಯಿತು.

ಚುಕ್ಕೆಗಳು ಹೆಚ್ಚಿದವು. ಸೆಪ್ಟೆಂಬರಿನಲ್ಲಿ ಕಾರ್ಯಕ್ರಮಕ್ಕೆ ಒಂದು, ನವೆಂಬರಿನಲ್ಲಿ ಮೂರು. ಮನೆಯಲ್ಲಿ ಇವರು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಡುತ್ತಿದ್ದರು. ನಾನು ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ನೀರಿನ ಸದ್ದಿನಡಿ ಕೆಮ್ಮು ಎಷ್ಟು ಸೆಕೆಂಡು ಎಂದು ಎಣಿಸುವುದು ನನಗೆ ಕಷ್ಟವೇ? ನಲ್ಲಿ ನಿಂತ ಕೂಡಲೇ ಅಡುಗೆಮನೆಗೆ ಓಡಿ ಪಾತ್ರೆ ಉಜ್ಜುತ್ತಿದ್ದೆ. ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜುತ್ತಿದ್ದೆ.

ದೊಡ್ಡವರದ್ದು ನಾಲ್ಕು ತಿಂಗಳು. ಆ ಲೆಕ್ಕ ತಲೆಯಿಂದ ಹೋಗಲಿಲ್ಲ. ಆಗಸ್ಟಿನಿಂದ ಎಣಿಸಿದರೆ ಡಿಸೆಂಬರ್. ಆ ತಾರೀಖು ದಾಟಿದ ದಿನ ಇವರು ಎದುರಿಗೇ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ನಾನು ಒಳಗೆ ಹೋಗಿ ಗೋಡೆಗೆ ಒರಗಿ ಅತ್ತೆ. ದಾಟಿತು, ಇನ್ನೇನೂ ಇಲ್ಲ ಎಂದುಕೊಂಡೆ. ಬುದ್ಧಿ ಇರುವ ಯಾರಾದರೂ ಹಾಗೆ ಅಂದುಕೊಳ್ಳುತ್ತಾರೆಯೇ?

ಒಂದೇ ಒಂದು ಸಲ ಧೈರ್ಯ ಮಾಡಿದ್ದೆ. “ರೀ, ಗಂಟಲು ಹೇಗಿದೆ?”

“ದೊಡ್ಡವರ ಗಂಟಲು ಹೇಗಿರ್ಬೇಕೋ ಹಾಗಿದೆ,” ಎಂದರು.

ಇಬ್ಬರೂ ನಕ್ಕೆವು. ಮಾತು ಅಲ್ಲಿಗೆ ಮುಗಿಯಿತು.

ಉಳಿದವರು ಸುಮ್ಮನಿದ್ದರೇ? ಇಲ್ಲ, ಹೊಗಳಿದರು. ನಮ್ಮ ಡ್ರಮ್ಮಿನವನಿಗೆ ಗಡಿಯಾರ ಎಂದೇ ಹೆಸರು, ತಾಳದಲ್ಲಿ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಒಂದು ದಿನ ವೈರು ಸುತ್ತುತ್ತಾ ನನ್ನ ಬಳಿ ಬಂದ. “ಅತ್ತಿಗೆ, ಅಣ್ಣ ಈಚೆಗೆ ಕೆಮ್ಮು ಸ್ವಲ್ಪ ಜಾಸ್ತಿ ಹಾಕ್ತಿದಾರೆ. ನೀವು ಹೇಳಿಕೊಟ್ರಾ? ಜನಕ್ಕೆ ಏನ್ ಹಿಡಿಸ್ತಿದೆ ಅಂತೀರಿ.”

“ಹ್ಞೂಂ, ನಾನೇ,” ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿ ನನ್ನದು. ಅವನ ಮುಖ ನೋಡಲಾಗದೆ ನಾನೂ ಒಂದು ವೈರು ಹಿಡಿದು ಸುತ್ತತೊಡಗಿದೆ.

ಮೊದಲನೆಯ ಸಾಲಿನಲ್ಲಿ ಯಾವಾಗಲೂ ಕೂರುವ ಅಭಿಮಾನಿಯೊಬ್ಬರಿದ್ದಾರೆ, ನಿವೃತ್ತ ಗ್ರಂಥಪಾಲಕರು. ರೆಕಾರ್ಡಿಂಗನ್ನು ನನ್ನಷ್ಟೇ ಬಾಯಿಪಾಠ ಮಾಡಿದವರು. ಅವರು ಮಾತ್ರ ಸಿಟ್ಟಾಗಿ ಬಂದರು. “ನೋಡಿಯಮ್ಮ, ಹನ್ನೊಂದನೇ ಹಾಡಲ್ಲಿ ಕೆಮ್ಮಿಲ್ಲ. ಇವರು ಹಾಕಿದ್ರು. ಇಷ್ಟ ಬಂದ ಹಾಗೆ ಸೇರಿಸಿದ್ರೆ ದೊಡ್ಡವರಿಗೆ ಅವಮಾನ ಅಲ್ವಾ?” ಇನ್ನು ಮುಂದೆ ಹಾಗಾಗುವುದಿಲ್ಲ ಎಂದು ಕೈಮುಗಿದು ಕಳಿಸಿದೆ. ಆರುನೂರು ಜನರಲ್ಲಿ ನಿಜ ಕೇಳಿಸಿಕೊಂಡವರು ಅವರೊಬ್ಬರೇ. ಅವರಿಗೂ ಅದು ತಪ್ಪು ಎಂದಷ್ಟೇ ಕೇಳಿಸಿತ್ತು.

ಹೋದ ಭಾನುವಾರ, ಮಾರ್ಚ್ ಕೊನೆಯ ವಾರ. ನಾಲ್ಕು ಗಂಟೆಯ ಕಾರ್ಯಕ್ರಮ, ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಭರ್ತಿ ಜನ. ಮೊದಲ ಆರು ಹಾಡಿಗೆ ನಾಲ್ಕು ಕಪ್ಪು ಚುಕ್ಕೆ. ಏಳನೆಯ ಹಾಡು ಬಂತು. ಇವರು ಬಲಕ್ಕೆ ತಿರುಗಿದರು, ಅಂಗೈ ಹಿಂಭಾಗವನ್ನು ಬಾಯಿಗೆ ಒತ್ತಿದರು, ಕೆಮ್ಮಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಎಣಿಸಿದೆ. ಹತ್ತು, ಹನ್ನೊಂದು, ಹನ್ನೆರಡು. ಕೆಮ್ಮು ನಿಲ್ಲಲಿಲ್ಲ. ಇಪ್ಪತ್ತು. ಚಪ್ಪಾಳೆ ಇನ್ನೂ ಜೋರಾಯಿತು, ಯಾರೋ ಸಿಳ್ಳೆ ಹಾಕಿದರು. ಹೆಡ್‌ಫೋನಿನಲ್ಲಿ ಮಾತ್ರ ಕೆಮ್ಮಿನ ನಡುವೆ ಗಾಳಿ ಎಳೆದುಕೊಳ್ಳಲು ಒದ್ದಾಡುವ ಸದ್ದು ಕೇಳುತ್ತಿತ್ತು. ಬಾಗಿಲ ಸಂದಿನಲ್ಲಿ ಗಾಳಿ ನುಗ್ಗುವಂಥ ಸದ್ದು. ಅದನ್ನು ನಾನು ಯಾವತ್ತೂ ಕಲಿಸಿರಲಿಲ್ಲ.

ಮೂವತ್ತೊಂದನೆಯ ಸೆಕೆಂಡಿಗೆ ಇವರು ಎಡಕ್ಕೆ ತಿರುಗಿದರು. ಎಡಕ್ಕೆ ತಿರುಗುವುದು ರೆಕಾರ್ಡಿಂಗಿನಲ್ಲಿಲ್ಲ. ಎಡಕ್ಕೆ, ಹಿಂದಿನ ಸಾಲಿನಲ್ಲಿ ಇದ್ದವಳು ನಾನು. ಇವರ ಬಿಳಿ ಶರ್ಟಿನ ತೋಳಂಚಿನ ಮೇಲೆ ಕೆಂಪು ಕಲೆ ಇತ್ತು. ಇವರು ನನ್ನನ್ನೇ ನೋಡುತ್ತಿದ್ದರು.

ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ಹಾಡಿನ ನಡುವೆ ಬೋರ್ಡಿನಲ್ಲಿ ಇವರ ಮೈಕನ್ನು ಮುಚ್ಚಿದವಳಲ್ಲ. ಮುಚ್ಚಿದೆ. ಕೆಮ್ಮು ನಿಂತಿತು, ಅಂದರೆ ನಮಗೆಲ್ಲ ಕೇಳಿಸುವುದು ನಿಂತಿತು. ಇವರ ಭುಜಗಳು ಮಾತ್ರ ಕುಲುಕುತ್ತಲೇ ಇದ್ದವು. ಪರದೆ ಎಳೆಯಲು ಹೇಳಿ ವೇದಿಕೆಯ ಕಡೆ ಓಡಿದೆ. ನನ್ನ ಬೆನ್ನ ಹಿಂದೆ ಜನ ಇನ್ನೂ ಚಪ್ಪಾಳೆ ಹೊಡೆಯುತ್ತಿದ್ದರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅದೇ ಡಾಕ್ಟರಮ್ಮನ ಕೋಣೆ. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಕಿವಿ, ಬಣ್ಣ ಬಣ್ಣದ ಭಾಗಗಳನ್ನು ಬಿಚ್ಚಿ ತೋರಿಸುವಂಥದ್ದು. ಇವರ ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಮೂಗಿನಿಂದ ಸಣ್ಣ ಕೊಳವೆ ಇಳಿಸಿದರು. ನಾನು ಕ್ಯಾಮೆರಾದ ಪರದೆಯ ಕಡೆ ನೋಡಲಿಲ್ಲ, ಡಾಕ್ಟರಮ್ಮನ ಮುಖ ನೋಡಿದೆ. ಆ ಮುಖ ಒಮ್ಮೆ ಬಿಗಿಯಿತು, ಮತ್ತೆ ಸಡಿಲವಾಯಿತು. ಅಷ್ಟು ಸಾಕಾಯಿತು ನನಗೆ.

“ಅರ್ಧ ಗಂಟೆ ಮಾತಾಡಬೇಡಿ, ನೀರೂ ಬೇಡ,” ಎಂದು ಇವರಿಗೆ ಹೇಳಿ, ಕೈ ತೊಳೆದು ಬಂದು ಕೂತರು. “ಒಂದು ಗಂಟಿನ ಹಾಗೆ ಕಾಣ್ತಿದೆ. ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸೋಣ. ವಾರದಲ್ಲಿ ಗೊತ್ತಾಗುತ್ತೆ. ಈಗಲೇ ಏನೂ ಹೇಳೋಕಾಗಲ್ಲ.” ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಅವರ ಕಸುಬು, ಅವರನ್ನು ಬೈಯಲಾರೆ. “ಎಷ್ಟು ದಿನದಿಂದ ಇದೆ ಅನ್ನೋದು ಮುಖ್ಯ. ಬೇಗ ಬೆಳೆದದ್ದಕ್ಕೂ ನಿಧಾನವಾಗಿ ಬೆಳೆದದ್ದಕ್ಕೂ ದಾರಿ ಬೇರೆ. ಯಾವಾಗಿಂದ?”

ಇವರು ಎರಡು ಬೆರಳು ಎತ್ತಿದರು.

“ಎರಡು ವಾರ?”

ಹೌದೆಂದು ತಲೆ ಆಡಿಸಿದರು. ನನ್ನ ಕಡೆ ನೋಡಲಿಲ್ಲ.

ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. ಚೀಲದಲ್ಲಿದ್ದ ಪುಸ್ತಕ ನನ್ನ ತೊಡೆಯ ಮೇಲೆ ಕಲ್ಲಿನಷ್ಟು ಭಾರವಾಗಿತ್ತು. ಸುಮ್ಮನಿದ್ದರೆ ಇವರ ಸುಳ್ಳಿನ ಹಿಂದೆ ನನ್ನ ಸುಳ್ಳೂ ಬೆಚ್ಚಗಿರುತ್ತಿತ್ತು. ನಾನು ಏಳು ತಿಂಗಳು ಬಾಯಿಮುಚ್ಚಿಕೊಂಡಿದ್ದೆ ಎಂದು ಇವರಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಆದರೆ ತಪ್ಪು ತಾರೀಖಿನ ಮೇಲೆ ತಪ್ಪು ಔಷಧಿ ಕೊಟ್ಟರೆ? ಪುಸ್ತಕ ತೆಗೆದೆ. ಆಗಸ್ಟಿನ ಪುಟ ಬಿಡಿಸಿದೆ.

“ಎರಡು ವಾರ ಅಲ್ಲ ಡಾಕ್ಟ್ರೇ. ಆಗಸ್ಟ್ ಇಪ್ಪತ್ತನಾಲ್ಕು. ಐದನೇ ಹಾಡಲ್ಲಿ. ನಾನು ಬರ್ಕೊಂಡಿದೀನಿ. ಅಲ್ಲಿಂದ ಇಲ್ಲಿವರೆಗೂ ಎಲ್ಲ ಬರ್ಕೊಂಡಿದೀನಿ.” ಆಮೇಲೆ ಇವರ ಕಡೆ ತಿರುಗಿ, “ನಂಗೆ ಹೆದ್ರಿಕೆ ಆಯ್ತು ರೀ,” ಎಂದೆ.

ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಇವರಿಗೆ ಆಶ್ಚರ್ಯ ಕೂಡ ಆಗಲಿಲ್ಲ. ಕೈ ಚಾಚಿ ಪುಸ್ತಕ ತೆಗೆದುಕೊಂಡರು. ಆಗಸ್ಟ್ ಪುಟದ ಕಪ್ಪು ಚುಕ್ಕೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪುಟಗಳನ್ನು ಹಿಂದಕ್ಕೆ ತಿರುವತೊಡಗಿದರು. ಜುಲೈ ಹೋಯಿತು. ಜೂನ್ ಬಂತು. ಜೂನ್ ಹದಿನೈದರ ಪುಟದಲ್ಲಿ ಕೈ ನಿಂತಿತು. ಆ ಪುಟ ನನಗೆ ಚೆನ್ನಾಗಿ ನೆನಪಿತ್ತು. ಒಂದೂ ತಪ್ಪಿಲ್ಲದ ಕಾರ್ಯಕ್ರಮ. ಅಡಿಯಲ್ಲಿ ನನ್ನ ನಕ್ಷತ್ರ, ಒಂಬತ್ತಕ್ಕೆ ಒಂಬತ್ತು, ಭೇಷ್.

ಇವರು ಪುಸ್ತಕದ ಬೆನ್ನಿನಲ್ಲಿ ಸಿಕ್ಕಿಸಿದ್ದ ಕೆಂಪು ಪೆನ್ಸಿಲ್ ತೆಗೆದು, ಮೂರನೆಯ ಕೆಮ್ಮಿನ ಟಿಕ್ಕಿಗೆ ಸುತ್ತು ಹಾಕಿದರು. ಬದಿಯಲ್ಲಿ ಬರೆದರು: ‘ಇದು ದೊಡ್ಡವರದ್ದಲ್ಲ. ನಂದು.’

ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ: ‘ಅವರ ಜಾಗ ಬರೋವರೆಗೂ ತಡ್ಕೊಂಡೆ.’

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಜೂನಿನಿಂದಲೇ ಕೆಮ್ಮು ಇತ್ತು. ಹಾಡುತ್ತಾ ಹಾಡುತ್ತಾ ಅದನ್ನು ಒಳಗೇ ಹಿಡಿದಿಟ್ಟು, ನನ್ನ ಕೆಂಪು ಗುರುತು ಬಂದಾಗ ಬಿಟ್ಟಿದ್ದರು. ನಾನು ಟಿಕ್ ಹಾಕಿದ್ದೆ. ತಡೆಯಲಾಗದೆ ಹೋದಾಗ ಬಂದದ್ದು ನನ್ನ ಹತ್ತನೆಯದು. ಭೂಮಿಯ ಮೇಲೆ ಆ ಕೆಮ್ಮನ್ನು ಗುರುತಿಸಬಲ್ಲ ಕಿವಿ ಒಂದಿದ್ದರೆ ಅದು ನನ್ನದು. ಅದಕ್ಕೂ ಗೊತ್ತಾಗಿರಲಿಲ್ಲ.

ಜೂನ್ ಹದಿನೈದು. ನನ್ನ ಕಿವಿ ತೋರಿಸಲು ಬಂದದ್ದು ಅದಾದ ಐದು ದಿನಕ್ಕೆ. ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಇದೇ ಕುರ್ಚಿಯಲ್ಲಿ ಮುಂದಕ್ಕೆ ಸರಿದು, ಇವರು ಬಾಯಿ ತೆರೆದಿದ್ದರು.

ಡಾಕ್ಟರಮ್ಮ ನಮ್ಮಿಬ್ಬರನ್ನೂ ನೋಡಿದರು. “ಹಾಗಾದ್ರೆ ಯಾವ ತಾರೀಖು ಬರ್ಕೊಳ್ಳಲಿ?”

ತಾರೀಖು ನನ್ನ ನಾಲಿಗೆ ತುದಿಯಲ್ಲೇ ಇತ್ತು. ತುಟಿ ಕಚ್ಚಿ ಹಿಡಿದೆ. ಇವರು ಪುಸ್ತಕವನ್ನು ಮೇಜಿನ ಮೇಲಿಟ್ಟು, ಡಾಕ್ಟರಮ್ಮನ ಕಡೆ ತಿರುಗಿಸಿ, ತಾರೀಖಿನ ಮೇಲೆ ಬೆರಳಿಟ್ಟು ತೋರಿಸುವವರೆಗೂ ನಾನು ಮಾತಾಡಲಿಲ್ಲ.